ನಾಲ್ಕು ಸಾವಿರ ಹರ್ಟ್ಜ್

ಡಡ್ಲಿಯ ಹೈಸ್ಟ್ರೀಟಿನಲ್ಲಿ, ಬೂಟಿನಂಗಡಿಯ ಮೇಲೆ
ನನ್ನ ಸದ್ದಿಲ್ಲದ ಕೋಣೆ. ಗೋಡೆಗೆಲ್ಲ ಬೂದು ಸ್ಪಂಜು.
ಬೀಪ್ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು, ಅಷ್ಟೇ ಕೆಲಸ.
ಅರವತ್ತು ದಾಟಿದ ಗಂಡಸರು
ಗಣಿತದ ಪರೀಕ್ಷೆಗೆ ಕೂತ ಹುಡುಗರಂತೆ ಹುಬ್ಬು ಗಂಟಿಕ್ಕಿ
ಕೇಳಿಸದ್ದಕ್ಕೂ ಒತ್ತಿಬಿಡುತ್ತಾರೆ.

ನಾಲ್ಕು ಸಾವಿರ ಹರ್ಟ್ಜಿನ ಹತ್ತಿರ ಬಂದಾಗ ಗೆರೆ
ಹಗ್ಗ ಕಡಿದ ಬಿಂದಿಗೆ.
ಕಾರ್ಖಾನೆಯೋ, ಗಿಟಾರೋ? ಕೇಳುತ್ತೇನೆ.
ಎರಡೂನೂ, ಬ್ಯಾಬ್, ಅನ್ನುತ್ತಾರೆ.

ಹೀಗೆ ನನಗೆ ಆ್ಯಶ್ ವಾರ್ಡನ್ ಪರಿಚಯ.
ಮೊದಲ ನಾಲ್ಕು ರೆಕಾರ್ಡಿಗೆ ಈ ಸೀಮೆಯೆಲ್ಲ ತಲೆದೂಗಿತ್ತಂತೆ,
ಮಾತಿಗಲ್ಲ, ನಿಜಕ್ಕೂ, ಮರುದಿನ ಕತ್ತು ತಿರುಗದಷ್ಟು.
ಐದನೆಯದು ಸಾಲ್ಟ್ ಲ್ಯಾಂಟರ್ನ್, ಎಂಬತ್ತಮೂರು.
ನನ್ನ ಬಾಯಲ್ಲಿ ಉಪ್ಪಿನ ಲಾಟೀನು.
ಅದರ ಹೆಸರೆತ್ತಿದರೆ ಕಾಯುವ ಕೋಣೆಯ ಆರು ಕುರ್ಚಿ
ಮೂರು ಪಕ್ಷವಾಗುತ್ತವೆ.

ಹಿಂಗ್ಲಿ, ಸರಪಳಿ ಕಾರ್ಖಾನೆಯವನು:
"ಸಿಂಬಲ್ಲೋ ಅದು? ತಟ್ಟೆಗೆ ಚಮಚ ಕೆರೆದ ಹಾಗೆ.
ಮೂರನೇ ದಿನವೇ ಅಂಗಡಿಗೆ ಹಿಂತಿರುಗಿಸಿ
ಒಂದು ಬೆಲ್ಟು ತಗೊಂಡೆ. ಬೆಲ್ಟು ಇನ್ನೂ ಇದೆ."

ಕುಲ್ವಂತ್, ಬಸ್ಸಿನ ಡ್ರೈವರು:
"ಎರಡನೇ ಬದಿಯ ಕೊನೆಯ ಹಾಡು ಹಾಕಿ ಕೇಳು.
ನನ್ನಪ್ಪ ಫೌಂಡ್ರಿಯಿಂದ ಬಂದು
ಮೆಟ್ಟಿಲ ಮೇಲೆ ಬೂಟು ಕಳಚುವ ಸದ್ದು.
ಒಂದು. ಆಮೇಲೆ ಬಹಳ ಹೊತ್ತಿಗೆ ಇನ್ನೊಂದು."

ಗ್ಲೆನಿಸ್ ಟ್ರೋಮನ್ಸ್, ಶಾಲೆಯ ಮಕ್ಕಳಿಗೆ ಊಟ ಬಡಿಸಿದವಳು:
"ಈ ಗಂಡಸರಿಗೆ ನಿಧಾನ ಅಂದರೆ ಹೆದರಿಕೆ.
ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ, ಒಬ್ಬಳೇ."
ಕೋಣನ ಮುಂದೆ ಕಿನ್ನರಿ, ಎಂದೆ.
ಕೋಣವೆಂದರೇನು ಎಂದು ಬಿಡಿಸಿ ಹೇಳಿದ ಮೇಲೆ
ಹಿಂಗ್ಲಿಯ ಕಡೆ ತಿರುಗಿ ನಕ್ಕಳು, ಪರ್ಸು ಕೆಳಗೆ ಬೀಳುವಷ್ಟು.

ಕಳೆದ ನವೆಂಬರಿನಲ್ಲಿ ಹಿಂಗ್ಲಿ ಮತ್ತೆ ಬಂದ. ಮುಖ ಸಣ್ಣದು.
ಸಂತೆಯಲ್ಲಿ ಮಗಳು ಹಳೇ ಪ್ರತಿ ಕೊಂಡಿದ್ದಳು, ಎರಡು ಪೌಂಡಿಗೆ.
"ಹೊಸದಾಗಿ ಮಾಡಿದ್ದಾರಾ ಅದನ್ನ? ಅಲ್ಲ, ಅದೇ.
ಸಿಂಬಲ್ಲು ಈಗ ತಗಡಿನ ಮೇಲೆ ಜಿನುಗಿದ ಹಾಗೆ.
ಎಷ್ಟು ಬೇಕೋ ಅಷ್ಟು."

ನನ್ನ ಲೆಕ್ಕ ಅಲ್ಲೇ ಕೂಡಿಬಂತು.
ಗಿಟಾರಿನವನೇ ಕೂತು ಸ್ವರಗಳ ಹದ ಹಾಕಿದ್ದನಂತೆ,
ಹದಿನೈದು ವರ್ಷ ಆಂಪ್ಲಿಫಯರಿನ ಬಾಯಲ್ಲಿ ನಿಂತ ಮನುಷ್ಯ.
ತನಗೆ ಕೇಳಿಸದ ಸ್ವರವನ್ನು ಕೇಳಿಸುವ ತನಕ ಏರಿಸಿದ.
ಆ ರೆಕಾರ್ಡು ಅವನ ಕಿವಿಯ ಅಳತೆಗೆ ಹೊಲಿದ ಅಂಗಿ,
ಇವರ ಕಿವಿಗಳು ಅಲ್ಲಿಗೆ ಮುಟ್ಟಲು ನಲವತ್ತು ವರ್ಷ ಹಿಡಿಯಿತು.

ಚಿತ್ರ ಬರೆದು ತೋರಿಸಿದೆ. ಹಿಂಗ್ಲಿ ಬಹಳ ಹೊತ್ತು ನೋಡಿದ.
"ಅಂದರೆ, ರೆಕಾರ್ಡು ಚೆನ್ನಾಗಿಲ್ಲ,
ನಾನು ಕೆಟ್ಟಿದ್ದೇನೆ, ಅಂತ ತಾನೆ?"
ಅದನ್ನು ಅಳೆಯುವ ಯಂತ್ರ ನನ್ನಲ್ಲಿಲ್ಲ.
ಕಿವಿಗೆ ಹೊಸ ಯಂತ್ರ ಹಾಕಿ ಕಳಿಸಿದೆ.
ಲಾಟೀನು ಕೇಳುವಾಗ ಅದನ್ನು ತೆಗೆದು
ಮೊಟ್ಟೆಯ ಬಟ್ಟಲಲ್ಲಿ ಇಡುತ್ತಾನಂತೆ.

ಇಷ್ಟು ಅಚ್ಚುಕಟ್ಟಾಗಿತ್ತು ನನ್ನ ಸಿದ್ಧಾಂತ,
ಗ್ಲೆನಿಸ್ ಒಳಗೆ ಕೂತು ಗುಂಡಿ ಒತ್ತುವ ತನಕ.
ಅರವತ್ತೆಂಟು ವಯಸ್ಸು. ಗೆರೆ ಎಲ್ಲೂ ಬಾಗಲಿಲ್ಲ.
ಇಬ್ಬನಿ ಬಿದ್ದರೂ ಕೇಳಿಸೀತು ಅವಳಿಗೆ.
ಹಾಗಾದರೆ ಆ ಸಿಂಬಲ್ಲು?
"ಚುಚ್ಚುತ್ತೆ," ಅಂದಳು ಕೋಟು ಹಾಕಿಕೊಳ್ಳುತ್ತ.
"ಯಾವತ್ತೂ ಚುಚ್ಚುತ್ತಿತ್ತು. ಅದಕ್ಕೇನೀಗ?"

ಆ ಸಂಜೆ ಬಾಗಿಲು ಹಾಕಿ, ಸ್ಪಂಜಿನ ಕೋಣೆಯಲ್ಲಿ
ರೋಗಿಯ ಕುರ್ಚಿಯಲ್ಲಿ ನಾನೇ ಕೂತು ಕೇಳಿದೆ, ಎರಡೂ ಬದಿ.
ಹಲ್ಲು ಜುಮ್ಮೆಂದಿತು.
ಬೂಟು ಒಂದು ಕೆಳಗೆ ಬಿತ್ತು. ಇನ್ನೊಂದಕ್ಕೆ ಕಾಯುತ್ತ
ಕೈಯಲ್ಲಿದ್ದ ಗುಂಡಿಯನ್ನು ಯಾವಾಗ ಒತ್ತಿದೆನೋ ತಿಳಿಯದು.

ಮೊದಲ ಬದಿಯ ಮೂರನೇ ಹಾಡು ಮಾತ್ರ
ಯಾವ ಕಿವಿಗೂ ಆಗದು.
ಅದರಲ್ಲಿ ಹಿಂಗ್ಲಿಯ ಮಾತೇ ಮಾತು.