ತಳದ ಹಲಗೆ

ಕುಕನೂರಿನ ನನ್ನ ಅಂಗಡಿಗೆ
ಟಂಟಂ ಗಾಡಿಯಲ್ಲಿ ಬಂತು ಸಂದೂಕ,
ಹಗ್ಗ ಬಿಗಿಸಿಕೊಂಡು, ಮೈತುಂಬ ಕೋಳಿಹಿಕ್ಕೆ ಹತ್ತಿಸಿಕೊಂಡು.
ತಳಕಲ್ಲಿನ ಯಾರದೋ ಹಿತ್ತಲಲ್ಲಿ
ಮೂವತ್ತು ವರ್ಷ ಅದರೊಳಗೆ ಕಾವಿಗೆ ಕೂತವಂತೆ ಕೋಳಿಗಳು.

"ನಿಮ್ಮಜ್ಜ ಮಾನಪ್ಪನ ಕೆಲಸ ಇದು,
ಕೆರೆದು ಎಣ್ಣಿ ಹಚ್ಚಿ ಕೊಡು" ಅಂದ ದಾವಲಸಾಬ,
"ಆನೆಗೊಂದಿ ಕಡೆ ಹೋಟೆಲಿನವರು ಕೇಳ್ಯಾರ.
ಹಳೇದು ಕಂಡಷ್ಟೂ ರೊಕ್ಕ."

ಬೇವಿನ ಹಲಗೆ. ನುಸಿ ಮುಟ್ಟಿಲ್ಲ.
ಕಬ್ಬಿಣ ಅಂದರೆ ಒಂದು ಚಿಲಕ, ಎರಡು ತಿರುಗಣಿ, ಅಷ್ಟೇ;
ಉಳಿದದ್ದೆಲ್ಲ ಮರವೇ ಮರವನ್ನು ಹಿಡಿದದ್ದು.
ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕಚ್ಚಿ,
ನಡುವೆ ಬಿದಿರ ಮೊಳೆ. ಹಿಂಬದಿಗೆ ಒಂದು ಉದುರಿದೆ.
ಹಲ್ಲುಗಳೂ ಒಂದರಂತೆ ಒಂದಿಲ್ಲ,
ಇಲ್ಲಿ ಹೆಬ್ಬೆಟ್ಟಿನಗಲ, ಅಲ್ಲಿ ಕಿರುಬೆರಳು,
ಪಟ್ಟಿ ಹಿಡಿಯದ, ಕಣ್ಣಳತೆಯ ಕೈ.
ಒಂದು ಕಡೆ ಗರಗಸ ತಪ್ಪಿ ಜಾಸ್ತಿ ಕೊಯ್ದು
ಸಂದಿಗೆ ಚಕ್ಕೆ ತುರುಕಿದ್ದು ಕಂಡು ನಕ್ಕೆ:
ಅಜ್ಜಾ, ನೀನೂ!

ಮಗುಚಿ ಹಾಕಿದೆ.

ತಳವನ್ನು ಯಾವ ಬಡಿಗನೂ ನುಣುಪು ಮಾಡುವುದಿಲ್ಲ.
ಯಾರು ನೋಡುತ್ತಾರೆ? ನೆಲ ನೋಡುತ್ತದೆ.
ಬಾಚಿಯ ಏಟು ಹಾಗೇ ಉಳಿದಿದ್ದವು,
ಮೀನಿನ ಹುರುಪೆಯಂತೆ, ಸಾಲು ಸಾಲು.
ಬೆರಳಾಡಿಸಿದೆ. ಎಲ್ಲೋ ತೊಡರಿತು.
ಮತ್ತೆ ಆಡಿಸಿದೆ.
ನನ್ನ ಏಟು ಬಲಭುಜದಿಂದ ಎಡಕ್ಕೆ ಇಳಿಯುತ್ತದೆ,
ನಮ್ಮಪ್ಪನದೂ ಹಾಗೇ ಇತ್ತು.
ಇವು ಎಡದಿಂದ ಬಲಕ್ಕೆ.

ಅಜ್ಜನ ಬಲಗೈ ಹೆಬ್ಬೆರಳು
ಗಾಣಕ್ಕೆ ಸಿಕ್ಕು ಹೋದ ಮೇಲೂ
ಹನ್ನೊಂದು ಸಂದೂಕ ಮಾಡಿದ ಅಂತ ಊರು ಹೇಳುತ್ತದೆ.
ರಾತ್ರಿ, ಹಿತ್ತಲ ಬಾಗಿಲು ಹಾಕಿಕೊಂಡು.
ಬೆರಳಿಲ್ಲದ ಕೈಯಲ್ಲಿ ಕಾಳಿಕಾದೇವಿ ಕೂತಿದ್ದಳು ಅಂತ.
ನಾನೂ ಹೇಳಿದ್ದೇನೆ, ಗಿರಾಕಿಗಳಿಗೆ.

ಕಾಳವ್ವ, ನಮ್ಮಜ್ಜಿ, ಉಣ್ಣುತ್ತಿದ್ದದ್ದು ಬಲಗೈಲಿ,
ದೀಪ ಹಚ್ಚುತ್ತಿದ್ದದ್ದು, ಬಂದವರಿಗೆ ನೀರು ಕೊಡುತ್ತಿದ್ದದ್ದು ಬಲಗೈಲಿ.
ರೊಟ್ಟಿ ಬಡಿಯುವಾಗ ಮಾತ್ರ,
ಹೊರಗಿನವರು ಇಲ್ಲದಾಗ,
ಕೈ ಬದಲಾಗುತ್ತಿತ್ತು.
ರೊಟ್ಟಿ ತಿರುಗುವ ದಿಕ್ಕೇ ಬೇರೆ.
ಸಪ್ಪಳವೂ.
"ಯಾಕಬೇ?" ಅಂದರೆ
"ರೊಟ್ಟಿಗೆ ಎಡ ಬಲ ತಿಳಿತೈತೇನು, ತಿನ್ನು."

ಅವಳ ಎಡ ಅಂಗೈಯ ಜಡ್ಡು
ಬೀಸುಕಲ್ಲಿನದು ಅಂದುಕೊಂಡಿದ್ದೆ.
ಅಂದುಕೊಂಡಿದ್ದೆವು.

ಸಂಜೆ ದಾವಲಸಾಬ ಬಂದ.
"ತಳ ಯಾಕ ಬಿಟ್ಟಿ? ಅದಕ್ಕೂ ಒಂದು ಸಲ ರಂದಾ ಹೊಡಿ."
ಒಲ್ಲೆ ಅಂದೆ.
"ಚೀಟ್ಯಾಗ ಮಾನಪ್ಪ ಬಡಿಗೇರ ಅಂತ ಬರದು ಕೊಡು."
ಪೆನ್ಸಿಲ್ಲು ಕಿವಿಯ ಮೇಲೇ ಇತ್ತು, ತೆಗೆಯಲಿಲ್ಲ.
"ತಡಿ" ಅಂದೆ, "ಒಂದು ಮೊಳಿ ಬಾಕಿ ಐತಿ."

ಬಿದಿರಿನ ತುಂಡು ಬಲಗೈಗೆ ಕೊಟ್ಟು
ಬಾಚಿಯನ್ನು ಎಡಗೈಗೆ ತಗೊಂಡೆ.
ಮೊದಲದು ಸೀಳಿತು.
ಎರಡನೆಯದು ಉಗುರು ಕೇಳಿತು.
ಚಾ ಆರುತ್ತಿತ್ತು, ಅವನು ನನ್ನನ್ನೇ ನೋಡುತ್ತಿದ್ದ,
ಹುಚ್ಚು ಹಿಡಿದವನನ್ನು ನೋಡುವ ಹಾಗೆ.

ಹಿಂಬದಿಯ ಮೂಲೆಯಲ್ಲಿ ಈಗ
ಒಂದು ಸೊಟ್ಟ ಮೊಳೆ ಕೂತಿದೆ.
ಅಲುಗಿಸಿ ನೋಡಿದೆ.
ಹಿಡಿದುಕೊಂಡಿದೆ.