ಹಳದಿ ಮುಗದ ದಿನ

ಶಹಾಬಾದದಾಗ ಮುಂಜಾನಿ ಎಂಟಕ್ಕೇ
ಫರ್ಸಿ ಕಾದಿರತದ.
ಚಪ್ಪಲಿ ತಳ ಅದನ್ನ ಮೊದಲು ಓದತದ,
ಆಮ್ಯಾಲ ನಾನು.

ಸಾಲಿ ಗೇಟಿನಾಗ ಖಾಸಿಂಸಾಬ ಚೀಟಿ ಹಿಡದು ನಿಂತಾನ:
"ಮೇಡಮ್, ಹೆಡ್ ಮಾಸ್ತರ ಅಂದಾರ,
ಇವತ್ತ ನಿಮ್ಮ ಮುಂಜಾನಿ ಪಿರಿಡ್ ಗಣಿತಕ್ಕ.
ನೀವು ಸ್ವಾಗತದ ಬೋರ್ಡ್ ಬರದು ಬಿಡ್ರಿ,
ಯಾರೋ ಸಾಹೇಬರು ಬರತಾರಂತ."

ಬರೀತೀನಿ.
ಹದಿನೇಳು ವರ್ಷದಿಂದ ಬರದೀನಿ.
ಮಾನ್ಯ, ಸನ್ಮಾನ್ಯ, ಘನ,
ಯಾವ ಸಾಹೇಬಗ ಎಷ್ಟು ಇಂಚಿನ ಅಕ್ಷರ
ಅಂಬೋದು ನನ್ನ ಮುಂಗೈಗೇ ಗೊತ್ತದ.
ಸುಸ್ವಾಗತದ 'ಸು' ಬರಿವಾಗ ಮಾತ್ರ
ಕೊಂಬಿಗಿ ಒಂದು ಸುತ್ತು ಜಾಸ್ತಿ ಕೊಡತೀನಿ.
ಯಾರೂ ಕೇಳಂಗಿಲ್ಲ.
ಅದು ನನ್ನ ಪಗಾರದಾಗ ಇಲ್ಲದ್ದು.

ಬಿಸಿಯೂಟ ಆದ ಮ್ಯಾಲ
ಉಳದ ಮುಕ್ಕಾಲು ತಾಸು ನನಗ ಸಿಗತದ.
ಏಳನೇ ಕ್ಲಾಸು, ಐವತ್ತೆರಡು ಮಂದಿ,
ಒಂಬತ್ತು ಬಣ್ಣದ ಡಬ್ಬಿ.
ಬ್ರಷ್ ಇಲ್ಲದವರಿಗಿ ತೊಗರಿ ಕಟಗಿ ತುದಿ ಜಜ್ಜಿ ಕೊಟ್ಟೀನಿ,
ನೀರಿಗಿ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ.
ಖಾಜಾಬಿಯ ಆಕಾಶಕ್ಕ ಮೆಂತ್ಯದ ವಾಸನಿ.

"ಏನ್ ಬರಿಬೇಕ್ರಿ?"
"ನಿಮ್ಮ ಓಣಿ. ಮದ್ಯಾನ ಹನ್ನೆರಡು ಹೊಡದಾಗ."
"ಆಗ ಮಂದೀನೇ ಇರಂಗಿಲ್ರಿ."
"ಇಲ್ಲದ್ದೇ ಬರೀರಿ."

ಖರೇ ಹೇಳಬೇಕಂದ್ರ ಇದು ನನ್ನ ಲೆಕ್ಕ, ಅವರದಲ್ಲ.
ಮನ್ಯಾಗ ಜ್ವಾಳದ ಚೀಲದ ಹಿಂದ
ಗ್ವಾಡಿಗಿ ಮಾರಿ ಮಾಡಿ
ನಾಕು ವರ್ಷದ ಒಂದು ಕ್ಯಾನ್ವಾಸ್ ನಿಂತದ:
ಹಳೀ ಖಣಿ, ತಳದಾಗ ಹಸರು ನೀರು,
ಮ್ಯಾಲ ಬಿಸಲು.
ನೀರು ಬಂತು. ಕಲ್ಲು ಬಂತು,
ಪದರ ಪದರ, ಚಪಾತಿಯಂಗ ಬಂತು.
ಬಿಸಲು ಬರವಲ್ದು.
ಹಳದಿ ಹಚ್ಚಿದ್ರ ಮದಿವಿ ಮನಿ ಆಗತದ,
ಬಿಳಿ ಹಚ್ಚಿದ್ರ ಸುಣ್ಣ.
ಕೇಸರಿ ಕಲಸಿದ ದಿನ ತಂಗಿ ನೋಡಿ
"ಸಂಜಿ ಛಂದ ಬಂದದಕ್ಕ" ಅಂದಳು.
ಆ ರಾತ್ರಿ ನಾ ಊಟ ಬಿಟ್ಟೆ.

ಕಡೀ ಬೆಂಚಿನ್ಯಾಗ ಲಾಲಮ್ಮನ ಹಾಳಿ.
ಎರಡು ಗ್ವಾಡಿ. ಗ್ವಾಡಿ ಬುಡಕ ಗೇಣು ನೆರಳು,
ನೆರಳಿನಾಗ ಒಂದು ನಾಯಿ, ನಾಲಿಗಿ ಹೊರಗ.
ನಡುವ ಓಣಿ.
ಓಣ್ಯಾಗ ಏನೂ ಇಲ್ಲ, ಬರೇ ಕಾಗದ.
ಕಣ್ಣು ಸಣ್ಣ ಮಾಡಿ ನೋಡಬೇಕಾಯ್ತು ನನಗ.
ಅಂಗಾಲು ಚುರ್ ಅಂತು.

"ಲಾಲಮ್ಮ, ಇದನ್ನ ಹ್ಯಾಂಗ ಮಾಡಿದಿ?"
ಆಕಿ ಹೆದರಿದಳು.
"ಹಳದಿ ಮುಗದದ್ರಿ.
ಲಗಮಣ್ಣ ಇಸಗೊಂಡ್ರಿ, ಪೂರಾ ಸೂರ್ಯಗ ಹಚ್ಚಿದ.
ನಾಳಿ ತುಂಬಿ ತರತೀನ್ರಿ."

"ಬ್ಯಾಡ!" ಅಂದೆ. ಜೋರಾಗೇ ಬಂತು.
ಇಡೀ ಕ್ಲಾಸು ತಿರಗಿ ನೋಡ್ತು.
ಲಗಮಣ್ಣ ತನ್ನ ಸೂರ್ಯನ ಮ್ಯಾಲ ಕೈ ಮುಚ್ಚಿದ.

ಹತ್ತಕ್ಕ ಎಷ್ಟು ಕೊಡಬೇಕು?
ರಜಿಸ್ಟರಿನ ಪ್ರಕಾರ 'ಅಪೂರ್ಣ'.
ಎಂಟು ಹಾಕಿದೆ. ಹೊಡದು ಒಂಬತ್ತು ಮಾಡಿದೆ.
ಲಗಮಣ್ಣಗೂ ಎಂಟು ಕೊಟ್ಟೆ,
ಆ ಸೂರ್ಯಗ ಮೀಸಿ ಇದ್ದವು.

ಸಾಹೇಬರು ಬರಲಿಲ್ಲ.
"ಬೋರ್ಡ್ ಒರಸಲೇನ್ರಿ?" ಅಂದ ಖಾಸಿಂಸಾಬ.
'ಸು' ಇರಲಿ, ಉಳದದ್ದು ಒರಸು ಅಂದೆ.
ಹಂಗೇ ಮಾಡಿದ ಪುಣ್ಯಾತ್ಮ.

ಬರುವಾಗ ಅಂಗಡಿಯಾಗ ಒಂದು ಹಳದಿ ತಗೊಂಡೆ, ಲಾಲಮ್ಮಗ.
ಬಿಟ್ಟದ್ದು ಅನಿಸಬೇಕಂದ್ರ
ಮೊದಲು ಕೈಯಾಗ ಇರಬೇಕಲ್ಲ.

ರಾತ್ರಿ ಭಾಂಡಿ ತೊಳದು, ಚೀಲ ಸರಿಸಿ,
ಕ್ಯಾನ್ವಾಸ್ ಹೊರಳಿಸಿದೆ.
ನಾಕು ವರ್ಷದಾಗ ಒಂದು ಬೆರಳಷ್ಟು ಜಾಗಾನೂ
ಖಾಲಿ ಬಿಟ್ಟಿಲ್ಲ ನಾನು.
ಹಳೀ ಬ್ಲೇಡ್ ಹುಡುಕಿ ಕೆರೀಲಾಕ ಕುಂತೆ.
ತಂಗಿಯ ಸಂಜಿ ಉದುರ್ತು.
ಅದರ ಕೆಳಗ ಸುಣ್ಣ.
ಸುಣ್ಣದ ಕೆಳಗ ಮದಿವಿ ಮನಿ.
ಬಟ್ಟಿ ಇನ್ನಾ ಸಿಕ್ಕಿಲ್ಲ,
ಕರೆಂಟ್ ಹೋಯ್ತು.

ಕತ್ತಲದಾಗ ಕೈ ತೊಳದೀನಿ, ಪೂರಾ ಹೋಗಿಲ್ಲ.
ಉಗುರಿನ ಸಂದ್ಯಾಗ ನಾಕು ವರ್ಷದ ಹಳದಿ.
ನಾಳಿ ರೊಟ್ಟಿ ಬಡಿವಾಗ
ಹಿಟ್ಟಿಗಿ ಹತ್ತತದೇನೋ.