ಕುಂಯ್

ನನ್ನ ಭಾಷಣ ಇಷ್ಟೇ: ಹಲೋ, ಹಲೋ, ಒಂದು, ಎರಡು, ಮೂರು.
ಇಪ್ಪತ್ತೆಂಟು ವರ್ಷ ಆಯ್ತು, ಎಲ್ಲೂ ತಪ್ಪಿಲ್ಲ.
ಆ ದಿನವೂ ಬೈತಖೋಲದ ಧಕ್ಕೆಯ ಮೇಲೆ
ಅಷ್ಟನ್ನೇ ಹೇಳಿ ಪೆಟ್ಟಿಗೆಯ ಹಿಂದೆ ಕೂತೆ.

ಪೀಯೆ ಚನ್ನವೀರಯ್ಯ ಬಂದು ಕಿವಿಯ ಹತ್ತಿರ ಬಗ್ಗಿದರು.
'ಏನಪ್ಪಾ ತಾಂಡೇಲಾ, ನಿನ್ನ ಮೈಕು ಕುಂಯ್ ಅನ್ನತ್ತಾ?'
ನನಗೆ ಸಿಟ್ಟು. 'ಹೊಸ ಸೆಟ್ಟು ಸ್ವಾಮಿ, ಕೆಮ್ಮೂದೂ ಇಲ್ಲ.'
'ಛೇ, ಅನ್ನಬೇಕು ಕಣಪ್ಪಾ!'

ಸಂಗತಿ ಇದು: ಸಾಹೇಬರ ನಾಲಗೆ ಸ್ವಲ್ಪ ಜಾರುಬಂಡೆ.
ಹೋದ ವಾರ ಹೊನ್ನಾವರದ ಮದುವೆ ಚಪ್ಪರದಲ್ಲಿ
ವಧೂವರರ ಆತ್ಮಕ್ಕೆ ಶಾಂತಿ ಕೋರಿದ್ದರು;
ಕುಮಟೆಯಲ್ಲಿ ತೀರಿಕೊಂಡ ಮಾಸ್ತರರ ಫೋಟೋಕ್ಕೆ ಕೈಮುಗಿದು
'ಇಂಥ ಸುದಿನ ಮತ್ತೆ ಮತ್ತೆ ಬರಲಿ' ಎಂದಿದ್ದರು.
ಜಾರಿದ ಕಡೆಯೆಲ್ಲ ನಾನೊಂದು ಕುಂಯ್ ಎನ್ನಿಸಿದರೆ
ಒಂದಕ್ಕೆ ಐವತ್ತು. ಬಾಡಿಗೆ ಬೇರೆ.

ಹತ್ತೂವರೆಗೆ ಬರುವವರು ಒಂದೂವರೆಗೆ ಬಂದರು.
ಅಷ್ಟರಲ್ಲಿ ಬಾಂಗಡೆ ಬುಟ್ಟಿಯ ಬರ್ಫ ನೀರಾಗಿ
ಹೆಂಗಸರ ಸೀರೆಯಂಚಿಗೆ ಹರಿದಿತ್ತು.
ಕಾಗೆಗಳ ಸಭೆ ಮಾತ್ರ ಆಗಲೇ ಶುರು.

'ನಾವು ಬಂದ ಮೇಲೇ ಈ ಬಂದರು ಬಂದದ್ದು,
ಬಂದರಿಗೆ ಬಂದವರೆಲ್ಲ ಬಂದರು ಬಂತು ಅಂತ ಬಂದು...'
ಅಲ್ಲೇ ಸಿಕ್ಕಿಕೊಂಡಿತು,
ಬೋಟಿನ ಫ್ಯಾನಿಗೆ ಹಳೇ ಬಲೆ ಸುತ್ತಿದ ಹಾಗೆ.
ತಪ್ಪೋ ಸರಿಯೋ ನನಗೇ ತಿಳಿಯಲಿಲ್ಲ.
ಇರಲಿ ಅಂತ ಅರ್ಧ ಕುಂಯ್.

ಬೆಲೆ ಅನ್ನಲು ಹೋಗಿ, 'ಮೀನುಗಾರರಿಗೆ
ಒಳ್ಳೆಯ ಬಲೆ ಬೀಸಿಯೇ ತೀರುತ್ತೇವೆ.'
ಕುಂಯ್.
'ಈ ಜೆಟ್ಟಿಗೆ ಅಡ್ಡಗಲ್ಲು ಹಾಕಿದವನು ನಾನೇ!'
ಕುಂಯ್.
'ತುಫಾನು ಬಂದಾಗ ಮೊದಲು ಓಡಿಹೋದವನು...'
ಇದಕ್ಕೆ ಎರಡು ಕುಂಯ್, ನನ್ನ ಕಡೆಯಿಂದ ಒಂದು ಬಿಟ್ಟಿ.
ಮಗಳ ಕನ್ನಡಕದ ಫ್ರೇಮು ಆಯ್ತು,
ಇನ್ನು ಗಾಜಿನ ದುಡ್ಡು ಬಾಕಿ.

ಆಮೇಲೆ ಮೂರನೇ ಹಾಳೆ:
ನೌಕಾನೆಲೆಗೆ ಮನೆಮಾರು ಬಿಟ್ಟುಕೊಟ್ಟವರ ವಿಷಯ.
ಧಕ್ಕೆ ಸುಮ್ಮನಾಯಿತು.
ನಮ್ಮಪ್ಪನ ಮನೆಯೂ ಅಲ್ಲೇ ಇತ್ತು.
ಬೇಲಿಯಾಚೆ ಈಗ ನಮ್ಮದೊಂದು ತೆಂಗಿನಮರ ಕಾಣುತ್ತದೆ,
ಕಾಯಿ ಯಾರು ಕೊಯ್ಯುತ್ತಾರೋ.

ಸಾಹೇಬರು ದನಿ ಏರಿಸಿದರು:
'ಇಷ್ಟು ವರ್ಷ ನಿಮಗೆ ಕೊಟ್ಟ ಪರಿಹಾಸ ಸಾಲದು, ನನಗೆ ಗೊತ್ತು.
ಇನ್ನೂ ದೊಡ್ಡ ಪರಿಹಾಸ ಕೊಡಿಸುತ್ತೇನೆ!'

ಕೈ ಗುಂಡಿಯ ಮೇಲೇ ಇತ್ತು. ತಿರುಗಲಿಲ್ಲ.
ಚನ್ನವೀರಯ್ಯನ ಕಣ್ಣು ಬುಟ್ಟಿಯ ಬಾಂಗಡೆಯದಾಯಿತು.
ಮುಂದಿನ ಸಾಲಿನ ರುಕ್ಮಿ ಹರಿಕಂತ್ರ,
ಎಷ್ಟೋ ಮಂತ್ರಿಗಳನ್ನು ಕಂಡವಳು, ಪಕ್ಕದವಳ ತೊಡೆ ತಟ್ಟಿ,
'ಖರೆಂಚ ಸಾಂಗ್ಲಾ ಗೆ ತಾಣೆ' ಎಂದಳು.
ಒಬ್ಬನಾದರೂ ನಿಜ ಹೇಳಿದನಲ್ಲ ಎಂದು
ಚಪ್ಪಾಳೆಯೂ ಬಿತ್ತು.

ಯಾರೋ ಚೀಟಿ ಕೊಟ್ಟರು. ಸಾಹೇಬರು ಓದಿ ಬೆವರೊರೆಸಿ,
'ಕ್ಷಮಿಸಿ, ಅದು ಪರಿಹಾ...'
ಆಗ ತಿರುಗಿಸಿದೆ ನೋಡಿ, ಪೂರಾ.
'ಪರಿಹಾ...' ಕುಂಯ್.
'ಪರಿ...' ಕುಂಯ್.
ಕಾಗೆಗಳೆಲ್ಲ ಒಟ್ಟಿಗೇ ಎದ್ದವು.
ಸಾಹೇಬರು ಜೈ ಕರ್ನಾಟಕ ಎಂದು ಕೂತರು.

ಐವತ್ತೂ ಇಲ್ಲ, ಬಾಡಿಗೆಯೂ ಇಲ್ಲ.
ಚನ್ನವೀರಯ್ಯ ಬೆರಳು ತೋರಿಸಿ, ತುಟಿ ನಡುಗಿಸುತ್ತ,
'ಇನ್ನು ಈ ಜಿಲ್ಲೆಯಲ್ಲಿ ನಿನ್ನ ಬಿಟ್ಟು
ಬೇರೆ ಯಾರನ್ನಾದರೂ ಕರೆದರೆ ಕೇಳು!' ಎಂದು ಗುಡುಗಿ
ಕಾರು ಹತ್ತಿದರು.

ವೈರು ಸುತ್ತುವಷ್ಟರಲ್ಲಿ ರುಕ್ಮಿ ವೇದಿಕೆ ಹತ್ತಿ
ಮೈಕು ಕಿತ್ತುಕೊಂಡಳು.
'ಶಂಭರಾಕ ಪಂದ್ರಾ! ಶಂಭರಾಕ ವೀಸ!'
ನೂರಕ್ಕೆ ಹದಿನೈದು, ನೂರಕ್ಕೆ ಇಪ್ಪತ್ತು,
ಬಿಸಿಲು ಏರಿದಷ್ಟೂ ಲೆಕ್ಕ ಏರಿತು.
ಒಂದು ಅಂಕಿ ಜಾರಲಿಲ್ಲ. ಬುಟ್ಟಿ ಖಾಲಿ.

ನನ್ನ ಪಾಲಿಗೆ ಹತ್ತು ಬಾಂಗಡೆ ಬಂತು.
ಸ್ವಲ್ಪ ಮೆತ್ತಗಾಗಿದ್ದವು.
ಸಾರಿಗೆ ಅಡ್ಡಿಯಿಲ್ಲ.